ಕವಳಿ ಪೊದೆ: ಗುರುತಿಸುವ ಬಗೆ ಮತ್ತು ವನ್ಯಜೀವಿಗಳ ನೆಲೆಯಲ್ಲಿ ಅದರ ಪಾತ್ರ

ಕಾಡು ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ನಿಲ್ಲುವುದು ಮುಗಿಲೆತ್ತರದ ಮರಗಳು, ದಟ್ಟವಾದ ನೆರಳು ಮತ್ತು ಹರಿಯುವ ತೊರೆಗಳು. ಮಲೆನಾಡಿನ ಮಟ್ಟಿಗೆ ಈ ಚಿತ್ರ ಸರಿಯಾದುದೇ. ಆದರೆ ಬಳ್ಳಾರಿ, ಚಿತ್ರದುರ್ಗ, ತುಮಕೂರು, ಕೋಲಾರಗಳ ಬಯಲುಸೀಮೆಯಲ್ಲಿಯೂ, ಅದಕ್ಕೆ ಹೊಂದಿಕೊಂಡಿರುವ ಆಂಧ್ರಪ್ರದೇಶದ ಅನಂತಪುರ, ಕಡಪ ಪ್ರದೇಶಗಳಲ್ಲಿಯೂ ಕಾಡಿನ ಸ್ವರೂಪವೇ ಬೇರೆ. ಅಲ್ಲಿ ಬಂಡೆಗಳ ನಡುವೆ, ಕೆಂಪು ಮಣ್ಣಿನ ಇಳಿಜಾರುಗಳಲ್ಲಿ, ಆಳೆತ್ತರವನ್ನು ಅಪರೂಪಕ್ಕೆ ಮೀರುವ ಮುಳ್ಳುಪೊದೆಗಳು ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಇದನ್ನು ಕುರುಚಲು ಕಾಡು ಎಂದು ಕರೆಯುವುದು ರೂಢಿ. ದಾರಿಹೋಕನಿಗೆ ಇದು ಬರಿಯ ಪಾಳುಭೂಮಿಯಂತೆ ಕಾಣುವುದು ಸಹಜ. ಆದರೆ ಆ ಪೊದೆಗಳಲ್ಲಿ ಒಂದನ್ನಾದರೂ ಹೆಸರು ಹಿಡಿದು ಗುರುತಿಸಲು ಕಲಿತವನಿಗೆ ಅದೇ ಭೂಮಿ ಅನೇಕ ಜೀವಿಗಳ ವಾಸಸ್ಥಾನವಾಗಿ ಕಾಣತೊಡಗುತ್ತದೆ. ಹಾಗೆ ಗುರುತಿಸಲು ಯೋಗ್ಯವಾದ ಗಿಡಗಳಲ್ಲಿ ಕವಳಿ ಮುಖ್ಯವಾದುದು.

ಹೆಸರು ಮತ್ತು ಹರಡಿಕೆ

ಕನ್ನಡನಾಡಿನ ಬೇರೆ ಬೇರೆ ಭಾಗಗಳಲ್ಲಿ ಈ ಗಿಡವನ್ನು ಕವಳಿ, ಕವಳೆ, ಕೌಳಿ, ಕರಂಡೆ ಎಂದು ಕರೆಯುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಕರಮರ್ದ ಎಂದೂ ಹಿಂದಿಯಲ್ಲಿ ಕರೋಂದಾ ಎಂದೂ ಮರಾಠಿಯಲ್ಲಿ ಕರವಂದ ಎಂದೂ ಹೆಸರು. ತೆಲುಗಿನಲ್ಲಿ ವಾಕ ಮತ್ತು ಕಲಿವಿ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ವಿಶಾಖಪಟ್ಟಣ ಮತ್ತು ವಿಜಯವಾಡ ನಗರಗಳ ಹಳೆಯ ಪೇಟೆ ಭಾಗಗಳಾದ ಒನ್ ಟೌನ್‌ಗಳ ನಿವಾಸಿಗಳಿಗೆ ಮಳೆಗಾಲದಲ್ಲಿ ಮಾರಾಟಕ್ಕೆ ಬರುವ ವಾಕ್ಕಾಯಿ ಅಪರಿಚಿತವಲ್ಲ. ಬೇಳೆಯೊಡನೆ ಬೇಯಿಸಿದ ಹುಳಿ ವಾಕ್ಕಾಯಿ ಪಪ್ಪು ಆಂಧ್ರದ ಮನೆಗಳ ಮೆಚ್ಚಿನ ಅಡುಗೆ. ಕನ್ನಡದ ಮನೆಗಳಲ್ಲಿ ಇದೇ ಕಾಯಿ ಉಪ್ಪಿನಕಾಯಿಯ ಭರಣಿಯನ್ನು ಸೇರುತ್ತದೆ. ಹೀಗೆ ಕಾಯಿಯನ್ನು ಬಲ್ಲವರು ಬಹುಮಂದಿ ಇದ್ದರೂ ಅದನ್ನು ಬಿಡುವ ಗಿಡವನ್ನು ಬಲ್ಲವರ ಸಂಖ್ಯೆ ಪಟ್ಟಣಗಳಲ್ಲಿ ಕಡಿಮೆಯಾಗುತ್ತಿದೆ.

ಸಸ್ಯಶಾಸ್ತ್ರದ ಪ್ರಕಾರ ಕವಳಿಯು ಕ್ಯಾರಿಸ್ಸಾ ಕುಲಕ್ಕೆ ಸೇರಿದುದು. ಕಣಗಿಲೆ, ನಿತ್ಯಪುಷ್ಪ, ನಂದಿಬಟ್ಟಲು ಮೊದಲಾದವುಗಳನ್ನು ಒಳಗೊಂಡ ಅಪೊಸೈನೇಸಿ ಕುಟುಂಬ ಇದರದು. ಈ ಭಾಗದಲ್ಲಿ ಮುಖ್ಯವಾಗಿ ಎರಡು ಪ್ರಭೇದಗಳು ಕಂಡುಬರುತ್ತವೆ. ಮೊದಲನೆಯದು ಕ್ಯಾರಿಸ್ಸಾ ಕರಂಡಾಸ್; ಇದರ ಎಲೆ ಮತ್ತು ಹಣ್ಣು ದೊಡ್ಡವು, ತೋಟಗಳಲ್ಲಿಯೂ ಬೆಳೆಸುತ್ತಾರೆ. ಎರಡನೆಯದು ಕ್ಯಾರಿಸ್ಸಾ ಸ್ಪೈನೇರಮ್. ಇದರ ಎಲೆ ಮತ್ತು ಹಣ್ಣು ಚಿಕ್ಕವು, ಕುರುಚಲು ಕಾಡಿನಲ್ಲಿ ತಾನಾಗಿಯೇ ಬೆಳೆಯುತ್ತದೆ. ಈ ಎರಡನೆಯ ಪ್ರಭೇದವು ಆಫ್ರಿಕಾದಿಂದ ಅರೇಬಿಯಾ ಮತ್ತು ಭಾರತದ ಮೂಲಕ ಆಸ್ಟ್ರೇಲಿಯಾದವರೆಗೆ ಹರಡಿದೆ. ಎರಡೂ ಪ್ರಭೇದಗಳು ಈ ನೆಲಕ್ಕೆ ಸಹಜವಾದುವು. ಹೊರಗಿನಿಂದ ತಂದು ನೆಟ್ಟವುಗಳಲ್ಲ.

ಗುರುತಿಸುವುದು ಹೇಗೆ?

ಕವಳಿಯನ್ನು ಗುರುತಿಸಲು ಹೂವು ಅಥವಾ ಹಣ್ಣಿನ ಕಾಲಕ್ಕಾಗಿ ಕಾಯಬೇಕಾಗಿಲ್ಲ. ಕೆಳಗೆ ಹೇಳಿದ ಲಕ್ಷಣಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಿದರೆ ವರ್ಷದ ಯಾವ ತಿಂಗಳಲ್ಲಾದರೂ ಅದನ್ನು ನಿಶ್ಚಯಿಸಿಕೊಳ್ಳಬಹುದು.

1. ನಿಲುವು: ಇದು ಬುಡದಿಂದಲೇ ಕವಲೊಡೆದು ಒತ್ತಾಗಿ ಬೆಳೆಯುವ ಪೊದೆ. ಸಾಮಾನ್ಯವಾಗಿ ಒಂದರಿಂದ ಮೂರು ಮೀಟರ್ ಎತ್ತರವಿರುತ್ತದೆ. ಆಸರೆ ಸಿಕ್ಕಿದರೆ ಕೊಂಬೆಗಳು ಅಕ್ಕಪಕ್ಕದ ಮರಗಳ ಮೇಲೆ ಒರಗಿ ಇನ್ನೂ ಮೇಲೇರುವುದುಂಟು.

2. ಎಲೆ: ಎಲೆಗಳು ಗಿಣ್ಣಿಗೆ ಎರಡರಂತೆ ಎದುರುಬದುರಾಗಿ ಜೋಡಣೆಗೊಂಡಿರುತ್ತವೆ. ತೊಟ್ಟು ಬಹಳ ಗಿಡ್ಡ. ಎಲೆಯು ಅಂಡಾಕಾರವಾಗಿದ್ದು ಚರ್ಮದಂತೆ ದಪ್ಪವಾಗಿಯೂ ಮೇಲ್ಭಾಗದಲ್ಲಿ ಹೊಳಪಾಗಿಯೂ ಇರುತ್ತದೆ. ಅಂಚಿನಲ್ಲಿ ಹಲ್ಲುಗಳಿರುವುದಿಲ್ಲ.

3. ಮುಳ್ಳು: ಗಿಣ್ಣುಗಳಲ್ಲಿ ಗಟ್ಟಿಯಾದ, ಚೂಪಾದ ಮುಳ್ಳುಗಳು ಜೋಡಿಯಾಗಿ ಮೂಡುತ್ತವೆ. ಕೆಲವು ಮುಳ್ಳುಗಳು ತುದಿಯಲ್ಲಿ ಕವಲೊಡೆದಿರುವುದೂ ಉಂಟು. ಇವು ಗುಲಾಬಿಯ ಮುಳ್ಳುಗಳಂತೆ ತೊಗಟೆಯ ಮೇಲೆ ಅಂಟಿಕೊಂಡವುಗಳಲ್ಲ. ಕಟ್ಟಿಗೆಯೊಡನೆ ಕೂಡಿಕೊಂಡೇ ಬೆಳೆದಂಥವು.

4. ಹಾಲು: ಎಲೆಯನ್ನಾಗಲಿ ಎಳೆಯ ಕಡ್ಡಿಯನ್ನಾಗಲಿ ಮುರಿದರೆ ಬಿಳಿಯ, ಅಂಟಾದ ಹಾಲು ಒಸರುತ್ತದೆ. ಎದುರುಬದುರಾದ ಎಲೆ, ಜೋಡಿಮುಳ್ಳು, ಬಿಳಿಹಾಲು ಈ ಮೂರೂ ಒಂದೇ ಗಿಡದಲ್ಲಿ ಕೂಡಿಬಂದರೆ ಅದು ಕವಳಿಯೆಂದು ಬಹುಮಟ್ಟಿಗೆ ನಿರ್ಧರಿಸಬಹುದು.

5. ಹೂವು: ಕೊಂಬೆಯ ತುದಿಗಳಲ್ಲಿ ಗೊಂಚಲುಗೊಂಚಲಾಗಿ ಬಿಳಿಯ ಹೂಗಳು ಅರಳುತ್ತವೆ. ಕೆಲವೊಮ್ಮೆ ಅವುಗಳಲ್ಲಿ ನಸುಗೆಂಪು ಛಾಯೆಯಿರುತ್ತದೆ. ಸಣ್ಣ ಕೊಳವೆಯ ತುದಿಯಲ್ಲಿ ಐದು ಎಸಳುಗಳಿರುವ ಈ ಹೂವು ನೋಟದಲ್ಲಿಯೂ ಪರಿಮಳದಲ್ಲಿಯೂ ಮಲ್ಲಿಗೆಯನ್ನು ನೆನಪಿಗೆ ತರುತ್ತದೆ.

6. ಹಣ್ಣು: ಕಾಯಿ ಮೊದಲು ಹಸಿರಾಗಿದ್ದು ಅನಂತರ ಕೆಂಪಾಗಿ, ಪೂರ್ತಿ ಮಾಗಿದಾಗ ಕಪ್ಪುಮಿಶ್ರಿತ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಾಡುಕವಳಿಯ ಹಣ್ಣು ದೊಡ್ಡ ಬಟಾಣಿಯ ಗಾತ್ರದ್ದು. ತೋಟದ ಕವಳಿಯದು ಅದರ ಎರಡರಷ್ಟು. ಎಳೆಯ ಕಾಯಿಯಲ್ಲಿ ಹಾಲು ಹೆಚ್ಚು, ಹುಳಿಯೂ ಹೆಚ್ಚು. ಮಾಗಿದ ಹಣ್ಣು ಸಿಹಿಹುಳಿಯಾಗಿದ್ದು ತಿಂದವರ ತುಟಿಬೆರಳುಗಳಿಗೆ ಕೆಂಪು ಬಣ್ಣ ಹತ್ತುತ್ತದೆ.

ಕವಳಿಯೆಂದು ಭ್ರಮೆ ಹುಟ್ಟಿಸುವ ಗಿಡಗಳು

ಕುರುಚಲು ಕಾಡಿನಲ್ಲಿ ಮುಳ್ಳಿನ ಗಿಡಗಳಿಗೆ ಕೊರತೆಯಿಲ್ಲ. ಆದುದರಿಂದ ಹೋಲಿಕೆಯಿಂದ ಮೋಸಹೋಗದಂತೆ ಎಚ್ಚರ ವಹಿಸುವುದು ಅಗತ್ಯ.

ಬಾರೆ ಅಥವಾ ಬೋರೆ ಗಿಡದಲ್ಲಿ ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿರುತ್ತವೆ. ಎಲೆಯ ಬುಡದಿಂದ ಮೂರು ನರಗಳು ಹೊರಡುತ್ತವೆ. ತಳಭಾಗ ಬೆಳ್ಳಗೆ ಕಾಣುತ್ತದೆ. ಅದರಲ್ಲಿ ಹಾಲಿಲ್ಲ. ಕಾರೆ ಗಿಡದಲ್ಲಿ ಎಲೆಗಳು ಎದುರುಬದುರಾಗಿಯೇ ಇದ್ದು ಮುಳ್ಳುಗಳೂ ನೇರವಾಗಿರುವುದರಿಂದ ತಪ್ಪುವ ಸಂಭವ ಹೆಚ್ಚು; ಆದರೆ ಅದರಲ್ಲಿಯೂ ಹಾಲು ಬರುವುದಿಲ್ಲ. ಬಳ್ಳಾರಿ ಜಾಲಿಯ ಎಲೆ ಅನೇಕ ಕಿರುಎಲೆಗಳಿಂದ ಕೂಡಿದ ಗರಿಯಂತಹುದು. ಅದನ್ನು ದೂರದಿಂದಲೇ ಬೇರೆಯೆಂದು ತಿಳಿಯಬಹುದು.

ವಿಶೇಷವಾಗಿ ಗಮನಿಸಬೇಕಾದುದು ಲಂಟಾನ. ಉಷ್ಣವಲಯದ ಅಮೆರಿಕದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತರಲಾಯಿತು. ಇದರ ಎಲೆಗಳೂ ಎದುರುಬದುರಾಗಿಯೇ ಇರುತ್ತವೆ. ಆದರೆ ಎಲೆ ಒರಟಾಗಿದ್ದು ಅಂಚಿನಲ್ಲಿ ಹಲ್ಲುಗಳಿರುತ್ತವೆ; ಉಜ್ಜಿದರೆ ಘಾಟು ವಾಸನೆ ಬರುತ್ತದೆ; ಕಾಂಡ ಚೌಕಾಕಾರವಾಗಿರುತ್ತದೆ; ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗಳು ಒಂದೇ ಗುಚ್ಛದಲ್ಲಿ ಬೆರೆತಿರುತ್ತವೆ. ಹಾಲು ಇರುವುದಿಲ್ಲ. ಲಂಟಾನದ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ ಎಂಬುದು ನಿಜ. ಅದು ಬೇಗ ಹರಡುವುದಕ್ಕೆ ಕಾರಣವೂ ಅದೇ. ಆದರೆ ಅದು ಗೋಡೆಯಂತೆ ಹಬ್ಬಿ ನೆಲವನ್ನು ಮುಚ್ಚಿಬಿಡುವುದರಿಂದ ಹುಲ್ಲಿಗೂ ಎಳೆಯ ಸಸಿಗಳಿಗೂ ಜಾಗವೇ ಉಳಿಯುವುದಿಲ್ಲ. ಅದರ ಎಲೆ ದನಕರುಗಳಿಗೆ ವಿಷ. ಪೊದೆಗಳೆಲ್ಲ ಒಂದೇ ಎಂಬ ಭಾವನೆಯಿಂದ ಲಂಟಾನವನ್ನು ಉಳಿಸಿ ಕವಳಿಯನ್ನು ಕಡಿಯುವುದು, ಅಥವಾ ಲಂಟಾನವನ್ನು ಕೀಳುವಾಗ ಕವಳಿಯನ್ನೂ ಕಿತ್ತುಹಾಕುವುದು ಎರಡೂ ನಷ್ಟವೇ. ಗುರುತಿಸುವ ಜ್ಞಾನ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆಯ ಮಾತು. ಹಾಲಿರುವ ಗಿಡಗಳೆಲ್ಲ ಕವಳಿಯಲ್ಲ. ಇದೇ ಕುಟುಂಬಕ್ಕೆ ಸೇರಿದ ಕಣಗಿಲೆಯು ತೀವ್ರ ವಿಷವುಳ್ಳದ್ದು. ಮೇಲೆ ಹೇಳಿದ ಲಕ್ಷಣಗಳೆಲ್ಲವೂ ಹೊಂದಿಕೆಯಾಗದೆ ಯಾವ ಕಾಡುಹಣ್ಣನ್ನೂ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಹಿರಿಯರು ನೋಡಿಕೊಳ್ಳಬೇಕು.

ಪೊದೆಯೊಳಗಿನ ಜೀವಲೋಕ

ವನ್ಯಪ್ರಾಣಿಗಳಿಗೆ ನೆಲೆ ಎಂದರೆ ಆಹಾರ, ನೀರು, ಆಸರೆ, ಮರಿಮಾಡಲು ತಕ್ಕ ಜಾಗ ಇವೆಲ್ಲವೂ ಒಂದೆಡೆ ದೊರೆಯುವ ಪ್ರದೇಶ. ಒಣನಾಡಿನಲ್ಲಿ ಈ ಅಗತ್ಯಗಳಲ್ಲಿ ಅನೇಕವನ್ನು ಕವಳಿ ಒದಗಿಸುತ್ತದೆ.

ಮೊದಲನೆಯದಾಗಿ, ಕವಳಿ ನಿತ್ಯಹಸುರಿನ ಗಿಡ. ಬೇಸಿಗೆಯಲ್ಲಿ ಸುತ್ತಲಿನ ಹಲವು ಮರಗಳು ಎಲೆಯುದುರಿಸಿ ಬರಿದಾದಾಗ ಈ ಪೊದೆಯ ಅಡಿಯಲ್ಲಿ ನೆರಳು ಉಳಿದಿರುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಮೊಲ, ಗೌಜಲಹಕ್ಕಿ, ಓತಿಕೇತ ಮೊದಲಾದವು ಇಲ್ಲಿ ವಿಶ್ರಮಿಸುತ್ತವೆ. ಗಿಡುಗ ಮೇಲೆ ಸುಳಿದಾಗ ಅಥವಾ ನಾಯಿ ಬೆನ್ನಟ್ಟಿದಾಗ ಇವು ನುಗ್ಗುವುದೂ ಇಂತಹ ಮುಳ್ಳಿನ ಆಸರೆಗೇ.

ಎರಡನೆಯದಾಗಿ, ಕೊಂಬೆಗಳ ಹೆಣಿಗೆ ಮತ್ತು ಜೋಡಿಮುಳ್ಳುಗಳು ಗೂಡುಗಳಿಗೆ ರಕ್ಷಣೆ ನೀಡುತ್ತವೆ. ಪಿಕಳಾರ, ಹರಟೆಮಲ್ಲ ಮೊದಲಾದ ಹಕ್ಕಿಗಳು ಗೂಡು ಕಟ್ಟಲು ಇಂತಹ ಪೊದೆಗಳನ್ನು ಆರಿಸಿಕೊಳ್ಳುತ್ತವೆ. ಕಾಗೆಗಾಗಲಿ ಬೆಕ್ಕಿಗಾಗಲಿ ಒಳಗಿನ ಗೂಡನ್ನು ತಲುಪುವುದು ಸುಲಭವಲ್ಲ.

ಮೂರನೆಯದಾಗಿ ಆಹಾರ. ಬೇಸಿಗೆಯಲ್ಲಿ ಅರಳುವ ಹೂಗಳು ಜೇನುನೊಣಗಳನ್ನೂ ಪತಂಗಗಳನ್ನೂ ಆಕರ್ಷಿಸುತ್ತವೆ. ಬೇಸಿಗೆ ಕಳೆದು ಮುಂಗಾರು ಕಾಲಿಡುವ ಸಮಯದಲ್ಲಿ ಹಣ್ಣುಗಳು ಮಾಗುತ್ತವೆ. ಇತರ ಆಹಾರ ವಿರಳವಾಗಿರುವ ಕಾಲ ಅದು. ಪಿಕಳಾರ, ಗೊರವಂಕ, ಕೋಗಿಲೆಗಳು ಹಗಲಿನಲ್ಲಿಯೂ, ಪುನುಗಿನ ಬೆಕ್ಕು ಮತ್ತು ನರಿಗಳು ರಾತ್ರಿಯಲ್ಲಿಯೂ ಈ ಹಣ್ಣುಗಳನ್ನು ತಿನ್ನುತ್ತವೆ. ಕರಡಿಗೆ ಗೆದ್ದಲು ಮತ್ತು ಜೇನಿನೊಡನೆ ಕಾಡುಹಣ್ಣುಗಳು ಮುಖ್ಯ ಆಹಾರ. ಬಾರೆ, ಕವಳಿಗಳಂತಹ ಪೊದೆಹಣ್ಣುಗಳು ಅದರಲ್ಲಿ ಸೇರಿವೆ. 1994ರಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ ಕರಡಿಧಾಮ ಸ್ಥಾಪಿತವಾಯಿತು. ಅಲ್ಲಿಯ ಬಂಡೆಗುಡ್ಡಗಳಲ್ಲಿ ದೊಡ್ಡ ಮರಗಳ ಅರಣ್ಯವಿಲ್ಲ; ಕರಡಿಗಳನ್ನು ಪೋಷಿಸುತ್ತಿರುವುದು ಕಲ್ಲುಗವಿಗಳು ಮತ್ತು ಹಣ್ಣು ಬಿಡುವ ಕುರುಚಲು ಗಿಡಗಳೇ.

ಹಣ್ಣು ತಿಂದ ಹಕ್ಕಿಗಳೂ ಪ್ರಾಣಿಗಳೂ ಬೀಜಗಳನ್ನು ದೂರ ಒಯ್ದು ಹಿಕ್ಕೆಯೊಡನೆ ಉದುರಿಸುತ್ತವೆ. ಹೀಗೆ ಗಿಡವು ಉಣಬಡಿಸಿದ್ದಕ್ಕೆ ಅತಿಥಿಗಳು ಅದರ ಸಂತತಿಯನ್ನು ಹರಡಿ ಋಣ ತೀರಿಸುತ್ತಾರೆ ಎನ್ನಬಹುದು.

ನಾಲ್ಕನೆಯ ಉಪಕಾರ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಪೊದೆಯ ಮೇಲೆ ಕುಳಿತ ಹಕ್ಕಿಗಳು ಬೇರೆ ಮರಗಳ ಬೀಜಗಳನ್ನೂ ಅಲ್ಲಿ ಬೀಳಿಸುತ್ತವೆ. ಪೊದೆಯ ಬುಡದಲ್ಲಿ ತರಗೆಲೆ ಸೇರಿ ಮಣ್ಣು ತೇವವಾಗಿರುತ್ತದೆ. ಮೇಕೆಯ ಬಾಯಿ ಮುಳ್ಳು ದಾಟಿ ಒಳಗೆ ಹೋಗಲಾರದು. ಅಲ್ಲಿ ಮೊಳೆತ ಸಸಿ ಪೊದೆಯ ಕಾವಲಿನಲ್ಲಿ ಬೆಳೆದು ಒಂದು ದಿನ ಅದರ ಮೇಲೆ ತಲೆಯೆತ್ತುತ್ತದೆ. ಒಣನಾಡಿನಲ್ಲಿ ಒಂಟಿ ಮರದ ಬುಡವನ್ನು ಮುಳ್ಳುಪೊದೆ ಸುತ್ತಿಕೊಂಡಿರುವುದನ್ನು ಕಂಡವರು ಮರವೇ ಮೊದಲಿನದೆಂದು ಭಾವಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ಪೊದೆಯೇ ಹಿರಿಯದು.

ಪೊದೆಯ ಹೆಸರು ಹೊತ್ತ ಹಕ್ಕಿ

ಪೊದೆಗೂ ವನ್ಯಜೀವಿಗೂ ಇರುವ ಸಂಬಂಧ ಎಷ್ಟು ನಿಕಟವಾದುದು ಎಂಬುದಕ್ಕೆ ಆಂಧ್ರಪ್ರದೇಶದ ಒಂದು ಹಕ್ಕಿಯ ಇತಿಹಾಸ ಉತ್ತಮ ನಿದರ್ಶನ. ಇಂಗ್ಲಿಷಿನಲ್ಲಿ ಅದರ ಹೆಸರು ಜೆರ್ಡಾನ್ ಕೋರ್ಸರ್. ತೆಲುಗಿನಲ್ಲಿ ಅದು ಕಲಿವಿಕೋಡಿ, ಅಂದರೆ ಕವಳಿ ಪೊದೆಯ ಕೋಳಿ.

ಬ್ರಿಟಿಷ್ ಸೈನ್ಯದ ವೈದ್ಯರೂ ಪ್ರಾಣಿಶಾಸ್ತ್ರಜ್ಞರೂ ಆಗಿದ್ದ ಥಾಮಸ್ ಜೆರ್ಡಾನ್ ಅವರು ಈ ಹಕ್ಕಿಯನ್ನು ಮೊದಲು ವಿಜ್ಞಾನದ ಗಮನಕ್ಕೆ ತಂದರು. 1848ರಲ್ಲಿ ಎಡ್ವರ್ಡ್ ಬ್ಲೈತ್ ಅವರು ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಸುಮಾರು 27 ಸೆಂಟಿಮೀಟರ್ ಉದ್ದದ, ಎದೆಯ ಮೇಲೆ ಎರಡು ಪಟ್ಟಿಗಳಿರುವ, ಉದ್ದ ಕಾಲುಗಳ ನೆಲದ ಹಕ್ಕಿ ಇದು. ಹಗಲು ಅಡಗಿದ್ದು ರಾತ್ರಿ ಸಂಚರಿಸುತ್ತದೆ. ಪೆನ್ನಾ ಮತ್ತು ಗೋದಾವರಿ ನದಿಗಳ ಕಣಿವೆಗಳಿಂದ ಕೆಲವೇ ದಾಖಲೆಗಳು ಬಂದವು. 1900ರಲ್ಲಿ ಅನಂತಪುರದ ಬಳಿ ಕಂಡುದೇ ಕೊನೆ. ಅನಂತರ ಎಂಟು ದಶಕಗಳಿಗೂ ಹೆಚ್ಚು ಕಾಲ ಯಾರೂ ಅದನ್ನು ಕಂಡು ದಾಖಲಿಸಲಿಲ್ಲ. ಹಕ್ಕಿ ನಿರ್ವಂಶವಾಯಿತೆಂದೇ ತಜ್ಞರು ಭಾವಿಸಿದರು.

ಕರ್ನಾಟಕಕ್ಕೂ ಈ ಹಕ್ಕಿಗೂ ಒಂದು ಸಂಬಂಧವಿದೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿದ್ದ ಒಂದು ಮೊಟ್ಟೆ ಕಲಿವಿಕೋಡಿಯದೆಂದು 2013ರಲ್ಲಿ ಬೆಳಕಿಗೆ ಬಂದಿತು. ಡಿ.ಎನ್.ಎ. ಪರೀಕ್ಷೆ ಅದನ್ನು ದೃಢಪಡಿಸಿತು. ಅದನ್ನು 1917ರಲ್ಲಿ ಸಂಗ್ರಹಿಸಿದವರು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಪಶುವೈದ್ಯರಾಗಿದ್ದ ಅರ್ನೆಸ್ಟ್ ಮೀಟನ್. ಪೆನ್ನಾ ನದಿ ಹುಟ್ಟುವುದು ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟಗಳ ಸಾಲಿನಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು. ನದಿಯಂತೆಯೇ ಕುರುಚಲು ಕಾಡಿಗೂ ರಾಜ್ಯಗಳ ಗಡಿ ತಿಳಿಯದು.

1986ರ ಜನವರಿಯಲ್ಲಿ ಅನಿರೀಕ್ಷಿತವಾದ ಸಂಗತಿಯೊಂದು ನಡೆಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪರವಾಗಿ ಶೋಧ ನಡೆಸುತ್ತಿದ್ದ ಭರತ್ ಭೂಷಣ್ ಅವರು ಕಡಪ ಜಿಲ್ಲೆಯ ರೆಡ್ಡಿಪಲ್ಲಿ ಗ್ರಾಮದ ಬಳಿ ಈ ಹಕ್ಕಿಯನ್ನು ಮತ್ತೆ ಕಂಡುಹಿಡಿದರು. ಇದರಲ್ಲಿ ಸ್ಥಳೀಯರ ನೆರವು ನಿರ್ಣಾಯಕವಾಗಿತ್ತು. ವಿದ್ವಾಂಸರ ಪಾಲಿಗೆ ಕಣ್ಮರೆಯಾದ ಹಕ್ಕಿಗೆ ಹಳ್ಳಿಗರ ಬಾಯಲ್ಲಿ ಹೆಸರು ಇತ್ತು. ಆ ಹೆಸರಿನಲ್ಲಿಯೇ ಅದರ ನೆಲೆಯ ಸುಳಿವೂ ಇತ್ತು. ಹಕ್ಕಿಯ ರಕ್ಷಣೆಗಾಗಿ ಶ್ರೀ ಲಂಕಮಲ್ಲೇಶ್ವರ ವನ್ಯಧಾಮವನ್ನು ಘೋಷಿಸಲಾಯಿತು. 1988ರಲ್ಲಿ ಭಾರತೀಯ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನ ದೊರೆತಿದೆ.

ಎಷ್ಟು ಪೊದೆ ಬೇಕು?

ಕಲಿವಿಕೋಡಿ ಕವಳಿಯ ಹಣ್ಣನ್ನು ತಿಂದು ಬದುಕುವ ಹಕ್ಕಿಯಲ್ಲ. ಗೆದ್ದಲು, ಇರುವೆಗಳಂತಹ ಕೀಟಗಳು ಅದರ ಆಹಾರ. ಹಾಗಿದ್ದರೂ ಅದಕ್ಕೆ ಪೊದೆ ಏಕೆ ಬೇಕು? ಹಗಲು ಮರೆಯಾಗಿರಲು ಪೊದೆ ಬೇಕು. ರಾತ್ರಿ ಓಡಾಡಿ ಕೀಟ ಹೆಕ್ಕಲು ಪೊದೆಗಳ ನಡುವೆ ಬಯಲು ಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಅದರ ಬದುಕು ನಡೆಯದು.

2000ದ ನಂತರ ಜೆಗನಾಥನ್ ಮತ್ತು ಸಹವಿಜ್ಞಾನಿಗಳು ಈ ಸಂಬಂಧವನ್ನು ಅಳೆದು ನೋಡಿದರು. ಹಕ್ಕಿ ಕಣ್ಣಿಗೆ ಬೀಳುವುದೇ ದುರ್ಲಭವಾದುದರಿಂದ ಅವರು ನೆಲದ ಮೇಲೆ ನಯವಾದ ಮಣ್ಣಿನ ಪಟ್ಟಿಗಳನ್ನು ಹಾಸಿ, ಬೆಳಗ್ಗೆ ಅವುಗಳ ಮೇಲೆ ಮೂಡಿದ ಹೆಜ್ಜೆಗುರುತುಗಳನ್ನು ಪರೀಕ್ಷಿಸುವ ವಿಧಾನವನ್ನು ಅನುಸರಿಸಿದರು. ಎರಡು ಮೀಟರಿಗಿಂತ ಎತ್ತರದ ಪೊದೆಗಳು ಹೆಕ್ಟೇರಿಗೆ 300ರಿಂದ 700ರಷ್ಟು ಇರುವ, ಅದಕ್ಕಿಂತ ಗಿಡ್ಡನೆಯ ಪೊದೆಗಳು 1000ಕ್ಕಿಂತ ಕಡಿಮೆಯಿರುವ ಕುರುಚಲು ಕಾಡಿನಲ್ಲಿ ಹಕ್ಕಿಯ ಓಡಾಟ ಹೆಚ್ಚೆಂದು ತಿಳಿದುಬಂದಿತು. ಎಕರೆಯ ಲೆಕ್ಕದಲ್ಲಿ ಹೇಳುವುದಾದರೆ ಎತ್ತರದ ಪೊದೆಗಳು ಸುಮಾರು 120ರಿಂದ 280. ಒಂದು ಪೊದೆಯಿಂದ ಇನ್ನೊಂದಕ್ಕೆ ಸರಾಸರಿ ನಾಲ್ಕರಿಂದ ಆರು ಮೀಟರ್ ಅಂತರ. ಕವಳಿಯೊಡನೆ ಬಾರೆ, ಜಾಲಿ ಮೊದಲಾದುವೂ ಈ ಎಣಿಕೆಯಲ್ಲಿ ಸೇರುತ್ತವೆ.

ಈ ಅಂಕಿಗಳ ಅರ್ಥ ಗಂಭೀರವಾದುದು. ಸೌದೆಗಾಗಿ ಪೊದೆಗಳನ್ನು ಕಡಿದರೆ, ಭೂಮಿಯನ್ನು ಉತ್ತು ನಿಂಬೆಯ ತೋಟ ಮಾಡಿದರೆ ಹಕ್ಕಿಯ ಮರೆ ಹೋಗುತ್ತದೆ. ಇದು ಎಲ್ಲರಿಗೂ ತಿಳಿಯುವ ಮಾತು. ಆದರೆ ಪೊದೆಗಳು ಮಿತಿಮೀರಿ ಒತ್ತಾದರೂ ಹಕ್ಕಿಗೆ ಓಡಾಡುವ ಬಯಲು ಇಲ್ಲವಾಗುತ್ತದೆ. ಮಿತವಾದ ದನಮೇಕೆಗಳ ಮೇವು ಈ ಬಯಲನ್ನು ತೆರೆದಿಡಲು ಸಹಾಯಕವಾಗಿರುವುದೂ ಉಂಟು. ಆದುದರಿಂದ ಹಳ್ಳಿಗರನ್ನೂ ದನಗಳನ್ನೂ ಪೂರ್ತಿಯಾಗಿ ಹೊರಗಿಡುವುದೇ ಸಂರಕ್ಷಣೆ ಎಂದು ಇಲ್ಲಿ ಹೇಳಲು ಬರುವುದಿಲ್ಲ. ಮಿತಿ ತಪ್ಪದಂತೆ ನೋಡಿಕೊಳ್ಳುವುದೇ ಸಂರಕ್ಷಣೆ.

2005ರಲ್ಲಿ ತೆಲುಗು ಗಂಗಾ ಯೋಜನೆಯ ನಾಲೆಯ ಕಾಮಗಾರಿ ಈ ಹಕ್ಕಿಯ ನೆಲೆಯನ್ನು ಪ್ರವೇಶಿಸಿ ಪೊದೆಗಳು ನೆಲಸಮವಾಗತೊಡಗಿದವು. ಅರಣ್ಯ ಇಲಾಖೆ ಮತ್ತು ವಿಜ್ಞಾನಿಗಳು ಮಧ್ಯೆ ಪ್ರವೇಶಿಸಿದ ಮೇಲೆ ಕೆಲಸ ನಿಂತು, ಮುಂದೆ ನಾಲೆಯ ಜಾಡನ್ನು ಬದಲಿಸಲಾಯಿತು. ನೀರಾವರಿಯೂ ಬೇಕು, ಹಕ್ಕಿಯೂ ಉಳಿಯಬೇಕು ಎಂಬ ಎರಡು ಹಿತಗಳ ನಡುವೆ ಮಾರ್ಗ ಕಂಡುಕೊಂಡ ಪ್ರಯತ್ನವಿದು. ಆದರೂ ಆ ದಶಕದ ಕೊನೆಯಿಂದ ಬಹಳ ವರ್ಷ ಹಕ್ಕಿಯ ಖಚಿತವಾದ ಸುಳಿವು ದೊರೆಯಲಿಲ್ಲ. 2025ರ ಆಗಸ್ಟ್ ತಿಂಗಳಲ್ಲಿ ಆಂಧ್ರಪ್ರದೇಶದಲ್ಲಿ ಪಕ್ಷಿವೀಕ್ಷಕರ ತಂಡವೊಂದು ರಾತ್ರಿಯ ವೇಳೆ ಅದರ ಕೂಗನ್ನು ಧ್ವನಿಮುದ್ರಿಸಿಕೊಂಡುದು ವರದಿಯಾದಾಗ ಆಸಕ್ತರಲ್ಲಿ ಮತ್ತೆ ಭರವಸೆ ಮೂಡಿತು. ಎರಡು ಬಾರಿ ಕಳೆದುಹೋಗಿ ಎರಡು ಬಾರಿ ಸಿಕ್ಕಿದ ಈ ಹಕ್ಕಿ ಮೂರನೆಯ ಬಾರಿ ಕಳೆದುಹೋಗದಂತೆ ನೋಡಿಕೊಳ್ಳುವುದು ಅದರ ಪೊದೆಗಳನ್ನು ಉಳಿಸಿಕೊಳ್ಳುವುದರ ಮೇಲೆ ನಿಂತಿದೆ.

ಪಾಳುಭೂಮಿ ಎಂಬ ಹಣೆಪಟ್ಟಿ

ಭೂಮಿಯ ಬಳಕೆಯನ್ನು ವಿಂಗಡಿಸುವಾಗ ಕುರುಚಲು ಗಿಡಗಳಿರುವ ಪ್ರದೇಶವನ್ನು ಪಾಳುಭೂಮಿಯ ವರ್ಗದಲ್ಲಿ ಸೇರಿಸುವುದು ಬಹುಕಾಲದಿಂದ ನಡೆದುಬಂದಿದೆ. ದೇಶದ ಪಾಳುಭೂಮಿಗಳ ಭೂಪಟ ಸಂಪುಟಗಳಲ್ಲಿಯೂ ದಟ್ಟ ಕುರುಚಲು, ವಿರಳ ಕುರುಚಲು ಎಂಬ ವರ್ಗಗಳಿವೆ. ಬೇಸಾಯದ ದೃಷ್ಟಿಯಿಂದ ಇದು ಅನುಕೂಲಕರವಾದ ವಿಂಗಡಣೆ. ಆದರೆ ಹೆಸರು ಕೆಲವೊಮ್ಮೆ ವಿವೇಚನೆಯನ್ನು ತಡೆಯುತ್ತದೆ. ಪಾಳು ಎಂದು ಕರೆದ ಮೇಲೆ ಅದನ್ನು ಹೇಗಾದರೂ ಉಪಯೋಗಕ್ಕೆ ತರಬೇಕೆಂಬ ತವಕ ಹುಟ್ಟುತ್ತದೆ. ಸದುದ್ದೇಶದಿಂದಲೇ ಪೊದೆಗಳನ್ನು ಕಿತ್ತು, ಗುಂಡಿ ತೋಡಿ, ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಡುವುದುಂಟು. ದೂರದಿಂದ ನೋಡಿದರೆ ಹಸುರು ಹೆಚ್ಚಿದಂತೆ ಕಾಣುತ್ತದೆ. ಆದರೆ ಗೌಜಲಿಗೆ ಮರೆಯಿಲ್ಲ, ಕರಡಿಗೆ ಹಣ್ಣಿಲ್ಲ, ಪಿಕಳಾರಕ್ಕೆ ಗೂಡಿನ ಜಾಗವಿಲ್ಲ. ಹಸುರಾದುದೆಲ್ಲ ನೆಲೆಯಲ್ಲ, ಬರಡಾಗಿ ಕಂಡುದೆಲ್ಲ ಪಾಳಲ್ಲ.

ಸಾರ್ವಜನಿಕರು ಮಾಡಬಹುದಾದ ಕೆಲಸ

ಕವಳಿಯ ಸಂರಕ್ಷಣೆಗೆ ದೊಡ್ಡ ವೆಚ್ಚವಾಗಲಿ ವಿಶೇಷ ಸಲಕರಣೆಯಾಗಲಿ ಬೇಕಾಗಿಲ್ಲ.

ಹೊಲದ ಬದುವಿನಲ್ಲಿ, ಗೋಮಾಳದಲ್ಲಿ, ಕೆರೆಯ ಅಂಚಿನಲ್ಲಿ ತಾನಾಗಿ ಬೆಳೆದ ಕವಳಿ ಪೊದೆಗಳನ್ನು ಬುಡಸಹಿತ ಕೀಳದೆ ಬಿಡಬೇಕು. ದಾರಿಗೆ ಅಡ್ಡವಾದರೆ ಕೊಂಬೆಗಳನ್ನು ಸವರಿದರೆ ಸಾಕು. ಬುಡದಿಂದ ಮತ್ತೆ ಚಿಗುರುತ್ತದೆ.

ಜಮೀನಿಗೆ ಬೇಲಿ ಬೇಕಾದವರು ತಂತಿಗೆ ಬದಲಾಗಿ ಕವಳಿಯ ಜೀವಂತ ಬೇಲಿಯನ್ನು ಬೆಳೆಸಬಹುದು. ಮಾಗಿದ ಹಣ್ಣಿನಿಂದ ಬೀಜ ತೆಗೆದು, ತೊಳೆದು, ತಡಮಾಡದೆ ಬಿತ್ತಬೇಕು. ಹಳೆಯ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಮೊದಲ ಒಂದೆರಡು ವರ್ಷ ಬೆಳವಣಿಗೆ ನಿಧಾನ. ಒಮ್ಮೆ ಬೇರೂರಿದ ಮೇಲೆ ನೀರಿನ ಆರೈಕೆಯನ್ನು ಬಯಸುವುದಿಲ್ಲ. ಬೇಲಿ ದನವನ್ನು ತಡೆಯುತ್ತದೆ, ಕಾಯಿ ಮನೆಗೆ ಒದಗುತ್ತದೆ, ಹಕ್ಕಿಗಳಿಗೆ ಗೂಡು ದೊರೆಯುತ್ತದೆ.

ಕಾಡಿನಲ್ಲಿ ಕಾಯಿ ಕೀಳುವಾಗ ನಿಯಮಗಳನ್ನು ಪಾಲಿಸಬೇಕು. ಕೊಂಬೆ ಮುರಿಯದೆ, ಪ್ರತಿಯೊಂದು ಪೊದೆಯಲ್ಲಿಯೂ ಒಂದು ಪಾಲನ್ನು ಉಳಿಸಿ ಬರಬೇಕು. ಮನೆಯ ಭರಣಿಗೆ ಸೇರಿದಷ್ಟೇ ಮುಖ್ಯ, ಕಾಡಿನ ಬೀಜವಾಗಿ ಉಳಿಯುವುದು.

ಗ್ರಾಮದ ಜಮೀನಿನಲ್ಲಿ ವನಮಹೋತ್ಸವ ನಡೆಸುವ ಪಂಚಾಯಿತಿಗಳು ಮತ್ತು ಶಾಲೆಗಳು ಗುಂಡಿ ತೋಡುವ ಮೊದಲು ಅಲ್ಲಿ ಈಗಾಗಲೇ ಏನು ಬೆಳೆದಿದೆ ಎಂಬುದನ್ನು ಒಮ್ಮೆ ನೋಡಬೇಕು. ಲಂಟಾನ ಅಥವಾ ಬಳ್ಳಾರಿ ಜಾಲಿ ಮುತ್ತಿದ್ದರೆ ಅದನ್ನು ತೆಗೆಯುವುದು ಯುಕ್ತ. ಕವಳಿ, ಬಾರೆ, ಕಾರೆಗಳಿದ್ದರೆ ಆ ಜಾಗ ಆಗಲೇ ನೆಟ್ಟ ವನ. ಅದಕ್ಕೆ ಬೇಕಾಗಿರುವುದು ಸಸಿಯಲ್ಲ, ರಕ್ಷಣೆ.

ಅಭ್ಯಾಸ

1. ಊರಿನ ಸಮೀಪದ ಗುಡ್ಡದಲ್ಲಿ ಅಥವಾ ಬದುವಿನಲ್ಲಿ ಐದು ಮುಳ್ಳಿನ ಗಿಡಗಳನ್ನು ಆರಿಸಿ, ಪ್ರತಿಯೊಂದರ ಎಲೆಯ ಜೋಡಣೆ, ಮುಳ್ಳಿನ ಸ್ವರೂಪ, ಹಾಲಿನ ಇರುವಿಕೆ ಇವುಗಳನ್ನು ಬರೆದಿಡಿ. ಅವುಗಳಲ್ಲಿ ಕವಳಿ ಯಾವುದು?

2. ಒಂದು ಕವಳಿ ಪೊದೆಯನ್ನು ಬೆಳಗ್ಗೆ ಅರ್ಧ ಗಂಟೆ ದೂರದಿಂದ ಗಮನಿಸಿ, ಬಂದುಹೋದ ಜೀವಿಗಳ ಪಟ್ಟಿ ಮಾಡಿ. ಹೂವಿನ ಕಾಲ, ಹಣ್ಣಿನ ಕಾಲ, ಎರಡೂ ಇಲ್ಲದ ಕಾಲ ಹೀಗೆ ಮೂರು ಸಲ ಮಾಡಿ ಹೋಲಿಸಿ.

3. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗವನ್ನು ಅಳೆದು ಎರಡು ಮೀಟರಿಗಿಂತ ಎತ್ತರದ ಪೊದೆಗಳನ್ನು ಎಣಿಸಿ. ಆ ಸಂಖ್ಯೆಯನ್ನು 100ರಿಂದ ಗುಣಿಸಿದರೆ ಹೆಕ್ಟೇರಿನ ಅಂದಾಜು ದೊರೆಯುತ್ತದೆ. ಅದು 300ರಿಂದ 700ರ ಒಳಗೆ ಇದೆಯೇ?

4. ಊರಿನ ಹಿರಿಯರನ್ನು ಕೇಳಿ, ಗಿಡದ ಹೆಸರಿನಿಂದ ಕರೆಯಲ್ಪಡುವ ಹಕ್ಕಿ ಅಥವಾ ಪ್ರಾಣಿಗಳಿದ್ದರೆ ಅವುಗಳ ಹೆಸರು ಬರೆದಿಡಿ. ಕಳೆದುಹೋದ ಜೀವಿಯೊಂದರ ನೆಲೆ ಒಮ್ಮೆ ಇಂತಹ ಹೆಸರಿನಲ್ಲಿಯೇ ಅಡಗಿತ್ತೆಂಬುದನ್ನು ಮರೆಯಬಾರದು.